ಈ ‘ಕ್ರಿಯೇಟಿವ್ ಥಿಂಕಿಂಗ್’ ಅನ್ನೋದು ದಿನನಿತ್ಯದ ಕೆಲಸಕ್ಕೆ ನಿಜವಾಗ್ಲೂ ಬರುತ್ತಾ?

ಬಿಲ್ಲಿಂಗ್_ಬಸವ:
ಎಲ್ರಿಗೂ ನಮಸ್ಕಾರ. ಒಂದು ಡೌಟು, ಬೈಬೇಡಿ. ನಾನು ಬೆಂಗಳೂರಲ್ಲಿ ಒಂದು ಕಂಪನಿಯ ಅಕೌಂಟ್ಸ್ ಸೆಕ್ಷನ್ನಲ್ಲಿದೀನಿ, ಕೆಲಸ ಅಂದ್ರೆ ಬಿಲ್ ನೋಡೋದು, ಎಂಟ್ರಿ ಹಾಕೋದು, ತಾಳೆ ಆಗ್ಲಿಲ್ಲ ಅಂದ್ರೆ ಫೋನ್ ಮಾಡಿ ಕಿರುಚೋದು. ಹೋದ ವಾರ ನಮಗೆಲ್ಲಾ ಕ್ರಿಯೇಟಿವ್ ಥಿಂಕಿಂಗ್ ಟ್ರೈನಿಂಗ್ ಅಂತ ಕೂರಿಸಿದ್ರು. ಬಣ್ಣಬಣ್ಣದ ಚೀಟಿ ಗೋಡೆಗೆ ಅಂಟಿಸಿದ್ವಿ, ಒಂದು ಇಟ್ಟಿಗೆಯಿಂದ ಏನೇನು ಮಾಡಬಹುದು ಅಂತ ಪಟ್ಟಿ ಬರೆದ್ವಿ, ಆಮೇಲೆ ಆ ಟ್ರೈನರ್ ನಾಸಾದವರು ಬಾಹ್ಯಾಕಾಶದಲ್ಲಿ ಬರೆಯೋ ಪೆನ್ನಿಗೆ ಕೋಟಿಗಟ್ಟಲೆ ಸುರಿದ್ರು, ರಷ್ಯಾದವರು ಸುಮ್ನೆ ಪೆನ್ಸಿಲ್ ಬಳಸಿದ್ರು ಅಂತ ಕಥೆ ಹೇಳಿದ್ರು, ಚಪ್ಪಾಳೆ ತಟ್ಟಿದ್ವಿ, ಊಟ ಚೆನ್ನಾಗಿತ್ತು.
ವಾಪಸ್ ಬಂದ ಮೇಲೆ ನಾನೇ ಧೈರ್ಯ ಮಾಡಿ, ಒಂದೇ ಸಪ್ಲೈಯರ್ ಮೂರು ಥರ ಬಿಲ್ ಕಳಿಸ್ತಾನೆ, ಒಂದೇ ನಮೂನೆಲಿ ಕಳಿಸಪ್ಪಾ ಅಂತ ನಾವೇ ಒಂದು ಫಾರಂ ಮಾಡಿ ಕೊಟ್ರೆ ಅರ್ಧ ಕೆಲಸ ಉಳಿಯುತ್ತೆ ಅಂದೆ. ಮ್ಯಾನೇಜರ್ ಏನಂದ್ರು ಗೊತ್ತಾ, ‘ಈಗಿರೋ ಪ್ರೊಸೆಸ್ ಫಾಲೋ ಮಾಡಿ ಸಾಕು’. ಹಂಗಾದ್ರೆ ಆ ಟ್ರೈನಿಂಗ್ ಯಾಕೆ? ನಮ್ಮಂಥ ಕೆಲಸದಲ್ಲಿ ಹೊಸದಾಗಿ ಯೋಚಿಸೋದಕ್ಕೆ ಜಾಗ ಇದೆಯಾ, ಇಲ್ಲಾ ಅದು ಜಾಹೀರಾತು ಬರೆಯೋರು, ಸಿನಿಮಾ ಮಾಡೋರಿಗೆ ಮಾತ್ರನಾ?

ಕಾಫಿ_ಸ್ಟ್ರಾಂಗ್:
ಊಟ ಚೆನ್ನಾಗಿತ್ತು ಅಂದ್ರಲ್ಲ, ಟ್ರೈನಿಂಗ್ ಸಕ್ಸಸ್ ಬಿಡಿ 😄

ಕನ್ನಡಕ:
ಮೊದಲು ಆ ನಾಸಾ ಪೆನ್ ಕಥೆ ಸುಳ್ಳು. ಎಲ್ಲಾ ಟ್ರೈನರ್‌ಗಳೂ ಇದನ್ನೇ ಹೇಳ್ತಾರೆ. ಆ ಪೆನ್ ಮಾಡಿದ್ದು ಪಾಲ್ ಫಿಶರ್ ಅನ್ನೋ ಪೆನ್ ತಯಾರಕ, ತನ್ನ ಸ್ವಂತ ದುಡ್ಡಲ್ಲಿ. ನಾಸಾ 1967ರಲ್ಲಿ ಸುಮಾರು 400 ಪೆನ್ ಕೊಂಡ್ಕೊಂಡ್ತು ಅಷ್ಟೆ, 1969ರಲ್ಲಿ ಸೋವಿಯತ್‌ನವರೂ ಅವನ ಹತ್ರಾನೇ ಕೊಂಡ್ರು. ಪೆನ್ಸಿಲ್ ಮೊನೆ ಮುರಿದು ಗ್ರಾಫೈಟ್ ಪುಡಿ ತೂಕವಿಲ್ಲದ ಜಾಗದಲ್ಲಿ ತೇಲಾಡಿ ಮಷಿನ್ ಒಳಗೆ ಹೋದ್ರೆ ಕಥೆ ಮುಗೀತು, ಅದಕ್ಕೆ ಪೆನ್ಸಿಲ್ ಬೇಡ ಅಂದಿದ್ದು. ಅಂದ್ರೆ ‘ಸಿಂಪಲ್ ಉಪಾಯಾನೇ ಬೆಸ್ಟು’ ಅಂತ ತೋರಿಸೋಕೆ ಹೇಳೋ ಕಥೇಲಿ ಸಿಂಪಲ್ ಉಪಾಯಾನೇ ಡೇಂಜರ್.

ಬಿಲ್ಲಿಂಗ್_ಬಸವ:
ಅಯ್ಯೋ ಶಿವನೇ, ನಾನು ಅದನ್ನ ಮನೇಲಿ ಮಗಳಿಗೆಲ್ಲಾ ಹೇಳಿಬಿಟ್ಟೆ

ಧಾರವಾಡ_ಫೇಡೆ:
ನಾಸಾ ಯಾಕ್ರೀ ಬೇಕು, ನಮ್ಮ ಅಣ್ಣಿಗೇರಿಗೆ ಬರ್ರಿ. ಅಬ್ದುಲ್ ಖಾದರ್ ನಡಕಟ್ಟಿನ ಅಂತ, 2022ರಾಗ ಪದ್ಮಶ್ರೀ ಬಂತಲ್ಲ, ಅವರ ಮೊದಲನೇ ಆವಿಷ್ಕಾರ ಏನು ಗೊತ್ತೇನ್ರಿ? ಸಣ್ಣವರಿದ್ದಾಗ ಮುಂಜಾನೆ ಎಚ್ಚರ ಆಗ್ತಿರಲಿಲ್ಲಂತ. ಅಲಾರಾಂ ಹೊಡಕೊಂಡ್ರೂ ಮಲಗೋವ್ರು. ಅದಕ್ಕ ಗಡಿಯಾರದ ಕೀಲಿಗೆ ಒಂದು ದಾರ ಕಟ್ಟಿ, ಅದರ ಇನ್ನೊಂದು ತುದಿ ನೀರಿನ ಬಾಟ್ಲಿಗೆ ಕಟ್ಟಿದ್ರು. ಅಲಾರಾಂ ಹೊಡದಂಗ ಕೀಲಿ ತಿರಗತದಲ್ಲ, ದಾರ ಜಗ್ಗಿ ಬಾಟ್ಲಿ ಬಗ್ಗಿ ನೀರು ಸೀದಾ ಮಾರಿ ಮ್ಯಾಲ! ಆಮ್ಯಾಲ ಹುಣಸಿಹಣ್ಣಿನ ಬೀಜ ಬಿಡಿಸೋ ಮಷಿನ್ ಮಾಡಿದ್ರು, ಬೀಜ ಗೊಬ್ಬರ ಕೂಡೇ ಬೀಳೋ ಕೂರಿಗಿ ಮಾಡಿದ್ರು. ಹುಣಸಿ ಬೀಜ ಬಿಡಸೋದಂದ್ರ ಹೆಣ್ಣಮಕ್ಕಳು ದಿನಗಟ್ಟಲೆ ಕುಂತು ಕೈ ಒಡಕೊಳ್ಳೋ ಕೆಲಸ್ರಿ, ನಮ್ಮ ಆಯಿ ಮಾಡೂದು ನೋಡೇನಿ. ಯಾವ ಟ್ರೈನಿಂಗೂ ಇಲ್ಲ, ಗೋಡೆಗೆ ಚೀಟಿನೂ ಹಚ್ಚಿಲ್ಲ.

ಕಡಲ_ಬದಿ:
ನಮ್ಮಲ್ಲಿ ಸಹ ಉಂಟು ಮಾರಾಯ್ರೆ. ಬಂಟ್ವಾಳ ತಾಲೂಕಿನ ಸಜೀಪದ ಗಣಪತಿ ಭಟ್ರು ಅಡಿಕೆ ಮರ ಹತ್ತುವ ಬೈಕ್ ಮಾಡಿದ್ದು ನೆನಪುಂಟಾ, 2019ರಲ್ಲಿ ಎಲ್ಲರ ಫೋನಿನಲ್ಲಿ ಅದೇ ವಿಡಿಯೋ. ಸೀಟಿನಲ್ಲಿ ಕೂತು ಎಕ್ಸಲೇಟರ್ ತಿರುಪಿದ್ರೆ ಚಕ್ರ ಮರವನ್ನು ಕಚ್ಚಿ ಹಿಡ್ಕೊಂಡು ಸೀದಾ ಮೇಲೆ. ನೋಡಿದವರೆಲ್ಲ ನಗಾಡಿದ್ರು. ಆದ್ರೆ ಅಡಿಕೆ ಕೊನೆ, ಅಂದ್ರೆ ಗೊನೆ, ತೆಗೆಯುವವರೇ ಸಿಗುವುದಿಲ್ಲ, ಇರುವವರಿಗೆ ವಯಸ್ಸಾಯ್ತು, ಮಳೆಗಾಲದಲ್ಲಿ ಮರ ಜಾರ್ತದೆ, ಮದ್ದು ಬಿಡದಿದ್ರೆ ಕೊಳೆರೋಗ. ಅಂತ ಹೊತ್ತಿನಲ್ಲಿ ತಲೆ ಓಡಲೇಬೇಕು, ಬೇರೆ ದಾರಿ ಇಲ್ಲ.

ತೋಟದ_ಮನೆ:
ಬೈಕ್ ಒಳ್ಳೇದೇ, ಆದ್ರೆ ನಮ್ಮ ಶಿರಸಿ ಕಡೆ ಗೆದ್ದಿದ್ದು ಕಾರ್ಬನ್ ಫೈಬರ್ ದೋಟಿ, ಅಂದ್ರೆ ಉದ್ದ ಕೋಲು ನೋಡಿ. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಔಷಧಿ ಹೊಡೀಬಹುದು, ಮರ ಹತ್ತೋ ಪ್ರಶ್ನೆನೇ ಇಲ್ಲ. ಒಬ್ರು ‘ಮರ ಹತ್ತೋದು ಹೇಗೆ ಸುಲಭ ಮಾಡೋದು’ ಅಂತ ಕೇಳಿದ್ರು, ಇನ್ನೊಬ್ರು ‘ಹತ್ತೋದೇ ಯಾಕೆ’ ಅಂತ ಕೇಳಿದ್ರು. ಪ್ರಶ್ನೆ ಬದಲಾದ್ರೆ ಉತ್ತರಾನೂ ಬದಲಾಗ್ತು.
ಇನ್ನೊಂದು ವಿಷ್ಯ. ಕೊಳೆಗೆ ಹೊಡೆಯೋ ಬೋರ್ಡೋ ದ್ರಾವಣ ಹುಟ್ಟಿದ್ದೇ ಕಳ್ಳರ ಕಾಟದಿಂದ. ಫ್ರಾನ್ಸಿನ ಬೋರ್ಡೋ ಸೀಮೇಲಿ ದಾರಿ ಪಕ್ಕದ ದ್ರಾಕ್ಷಿ ಬಳ್ಳಿಗೆ, ಹೋಗೋ ಬರೋರು ಕಿತ್ತು ತಿನ್ನಬಾರ್ದು ಅಂತ, ಮೈಲುತುತ್ತು ಸುಣ್ಣ ಕಲಸಿ ಬಳಿದಿಡ್ತಿದ್ರು, ನೀಲಿ ನೀಲಿ ಕಂಡ್ರೆ ಯಾರೂ ಮುಟ್ಟೋದಿಲ್ಲ ಅಲ್ವಾ. ಮಿಲಾರ್ಡೆ ಅನ್ನೋ ಪ್ರೊಫೆಸರ್ 1882ರಲ್ಲಿ ಆ ದಾರೀಲಿ ಹೋಗ್ತಾ ನೋಡಿದ್ರು, ತೋಟದ ಒಳಗಿನ ಬಳ್ಳಿಗೆಲ್ಲಾ ಬೂಜುರೋಗ ಬಂದು ಎಲೆ ಉದುರಿದೆ, ದಾರಿ ಪಕ್ಕದ್ದಕ್ಕೆ ಮಾತ್ರ ಇಲ್ಲ. ಸಾವಿರ ಜನ ಅದೇ ದಾರೀಲಿ ಓಡಾಡಿರ್ತಾರೆ, ‘ಇದಕ್ಯಾಕೆ ಬಂದಿಲ್ಲ’ ಅಂತ ನಿಂತು ಕೇಳಿದ್ದು ಅವರು. 1885ರಲ್ಲಿ ಪ್ರಕಟ ಮಾಡಿದ್ರು. ಆಮೇಲೆ ನಮ್ಮ ಮೈಸೂರು ಸಂಸ್ಥಾನದಲ್ಲಿ ಕೆನಡಾದ ಕೋಲ್ಮನ್ ಸಾಹೇಬ್ರು ಅದನ್ನ ಅಡಿಕೆ ಕೊಳೆಗೆ ಹೊಡೆಸಿದ್ರು, ಇವತ್ತಿಗೂ ನಾವು ಅದನ್ನೇ ಹೊಡೀತಿದೀವಿ.

ಸುಮ್ನೆ_ಓದೋನು:
ಇದು ಗೊತ್ತೇ ಇರ್ಲಿಲ್ಲ, ಸೂಪರ್ 👌

ಲೇತ್_ಮಷಿನ್:
ಬಸವ ಅವರೆ, ಜಾಹೀರಾತು ಸಿನಿಮಾದವರಿಗೆ ಮಾತ್ರ ಅಂದ್ರಲ್ಲ, ಒಪ್ಪಲ್ಲ. ನಾನು ಬಿಡದಿ ಕಡೆ ಒಂದು ಬಿಡಿಭಾಗದ ಫ್ಯಾಕ್ಟರಿಲಿ ಲೈನ್ ಸೂಪರ್‌ವೈಸರ್. ನಮ್ಮಲ್ಲಿ ಹೀಗೆ ದಿನದ ಕೆಲಸಾನ ಸ್ವಲ್ಪಸ್ವಲ್ಪವೇ ಸುಧಾರಿಸೋದಕ್ಕೆ ಕೈಜನ್ ಅಂತಾರೆ. ಟೊಯೋಟಾದಲ್ಲಿ ಕೆಲಸಗಾರರ ಹತ್ರ ಸಲಹೆ ತಗೊಳ್ಳೋ ಪದ್ಧತಿ 1951ರಲ್ಲೇ ಶುರುವಾಯ್ತು, ಅದೂ ಅಮೆರಿಕದ ಫೋರ್ಡ್ ಕಾರ್ಖಾನೆ ನೋಡ್ಕೊಂಡ್ ಬಂದು.
ನನಗೆ ತುಂಬಾ ಇಷ್ಟವಾದ ಉದಾಹರಣೆ ಹೇಳ್ತೀನಿ. 1961ರಲ್ಲಿ ಜಪಾನಿನ ಯಮಡಾ ಎಲೆಕ್ಟ್ರಿಕ್ ಅನ್ನೋ ಕಡೆ ಒಂದು ಸಣ್ಣ ಸ್ವಿಚ್ ಜೋಡಿಸ್ತಿದ್ರು, ಎರಡು ಬಟನ್, ಎರಡರ ಕೆಳಗೂ ಒಂದೊಂದು ಸ್ಪ್ರಿಂಗ್. ಕೆಲಸದವರು ಆಗಾಗ ಒಂದು ಸ್ಪ್ರಿಂಗ್ ಹಾಕೋದು ಮರೀತಿದ್ರು, ಗಿರಾಕಿ ಬಂದು ಬೈಯೋನು, ಮ್ಯಾನೇಜರ್ ಬಂದು ‘ಜಾಗ್ರತೆ ಜಾಗ್ರತೆ’ ಅಂತ ಕೂಗೋರು, ಸ್ವಲ್ಪ ದಿನ ಸರಿ ಇರೋದು, ಮತ್ತೆ ಅದೇ. ಶಿಗೆಯೊ ಶಿಂಗೊ ಅನ್ನೋರು ಬಂದು ಏನ್ ಮಾಡಿದ್ರು ಅಂದ್ರೆ, ಮೊದಲು ಒಂದು ತಟ್ಟೇಲಿ ಎರಡು ಸ್ಪ್ರಿಂಗ್ ಎತ್ತಿಟ್ಕೊಳ್ಳಿ, ಆಮೇಲೆ ಜೋಡಿಸಿ ಅಂದ್ರು. ಅಷ್ಟೇ. ಜೋಡಿಸಿದ ಮೇಲೆ ತಟ್ಟೇಲಿ ಸ್ಪ್ರಿಂಗ್ ಉಳಿದಿದ್ರೆ ಮರೆತಿದೀನಿ ಅಂತ ಕಣ್ಣಿಗೇ ಕಾಣುತ್ತೆ. ಒಂದು ತಟ್ಟೆ ಖರ್ಚು. ನೀವು ಹೇಳಿದ ಬಿಲ್ ಫಾರಂ ಐಡಿಯಾನೂ ಇದೇ ಜಾತಿದು, ನಿಮ್ಮ ಮ್ಯಾನೇಜರ್‌ಗೆ ಅರ್ಥ ಆಗಿಲ್ಲ ಅಷ್ಟೆ.

ಕಾಫಿ_ಸ್ಟ್ರಾಂಗ್:
ಕೈಜನ್ ಬಗ್ಗೆ ಹೇಳ್ಬೇಡಿ ಗುರೂ. ನಾನೂ ಒಂದು ಫ್ಯಾಕ್ಟರಿಲಿದ್ದೆ. ತಿಂಗಳಿಗೆ ಇಷ್ಟು ಸಲಹೆ ಕೊಡ್ಲೇಬೇಕು ಅಂತ ಟಾರ್ಗೆಟ್ ಕೊಟ್ರು. ಕೊನೇ ತಾರೀಕಿಗೆ ಎಲ್ರೂ ಹೋದ ವರ್ಷದ ಫೈಲ್ ತೆಗೆದು ‘ಊಟಕ್ಕೆ ಹೋಗುವಾಗ ಲೈಟ್ ಆರಿಸುವುದು’ ‘ಕ್ಯಾಂಟೀನಿನ ನಲ್ಲಿಯನ್ನು ಸುಮ್ಮನೆ ಬಿಡದಂತೆ ನಿಲ್ಲಿಸುವುದು’ ಅಂತ ಕಾಪಿ ಹೊಡೆಯೋರು. ಒಬ್ಬ ಪುಣ್ಯಾತ್ಮ ‘ಸಲಹಾ ಪೆಟ್ಟಿಗೆ ತೆಗೆಯುವುದು’ ಅಂತ ಬರೆದ, ಅವನಿಗೆ ಬಹುಮಾನ ಬರ್ಬೇಕಿತ್ತು, ಮೆಮೋ ಬಂತು 🤣

ಲೇತ್_ಮಷಿನ್:
ಹ್ಹಹ್ಹ ಅದು ನಮ್ಮಲ್ಲೂ ಇದೆ, ಸುಳ್ಳು ಹೇಳಲ್ಲ. ಟಾರ್ಗೆಟ್ ಇಟ್ಟ ದಿನವೇ ಅದು ಸತ್ತುಹೋಗುತ್ತೆ. ಯಾವನೋ ಕೊಟ್ಟ ಸಲಹೇನ ಒಂದು ವಾರದಲ್ಲಿ ಮಾಡಿ ತೋರಿಸಿದ್ರೆ ಪಕ್ಕದವನು ತಾನಾಗಿ ಎರಡು ತರ್ತಾನೆ. ಪೆಟ್ಟಿಗೆಗೆ ಹಾಕಿದ್ದು ಆರು ತಿಂಗಳು ಅಲ್ಲೇ ಇದ್ರೆ ಯಾರು ಬರೀತಾರೆ.

ವೈರ್ಮನ್:
ಎಲ್ಲರೂ ಹಾಡಿ ಹೊಗಳ್ತಿದೀರಿ, ನಾನು ಉಲ್ಟಾ ಹೇಳ್ತೀನಿ. ನಿಮ್ಮ ಈ ‘ತಲೆ ಓಡಿಸೋದು’ ನನಗೆ ದಿನಾ ಕಾಣುತ್ತೆ. ಫ್ಯೂಸ್ ಹೋಯ್ತಾ, ಸರಿಯಾದ ಫ್ಯೂಸ್ ವೈರ್ ಇಲ್ಲ, ಕೇಬಲ್ ಒಳಗಿನ ತಾಮ್ರದ ಎಳೆ ನಾಲ್ಕು ಸೇರಿಸಿ ಸುತ್ತು. ಮತ್ತೆ ಹೋಗೋದೇ ಇಲ್ಲ ನೋಡು ಅಂತ ಹೆಮ್ಮೆ ಬೇರೆ! ಹೋಗ್ಬೇಕಪ್ಪಾ ಅದು, ಹೋಗೋದೇ ಅದರ ಕೆಲಸ. ಅದು ಹೋಗ್ಲಿಲ್ಲ ಅಂದ್ರೆ ಗೋಡೆ ಒಳಗಿನ ವೈರ್ ಕಾದು ಮನೆ ಹೋಗುತ್ತೆ. ಒಂದ್ಮನೇಲಿ ಮೋಟರ್ ಸ್ಟಾರ್ಟರ್ ಟ್ರಿಪ್ ಆಗ್ತಿದೆ ಅಂತ ಅದರ ರಿಲೇಗೆ ರಟ್ಟು ಸಿಕ್ಕಿಸಿಟ್ಟಿದ್ರು, ಮೋಟರ್ ಸುಟ್ಟು ಕರಕಲು. ಜುಗಾಡ್ ಜುಗಾಡ್ ಅಂತ ಕುಣಿಯೋರಿಗೆಲ್ಲಾ ಇದನ್ನ ತೋರಿಸ್ಬೇಕು.

ಧಾರವಾಡ_ಫೇಡೆ:
ಅಣ್ಣಾರ, ಅದು ಕ್ರಿಯೇಟಿವ್ ಅಲ್ಲ ಬಿಡ್ರಿ, ಹುಂಬತನ. ಫ್ಯೂಸ್ ಯಾಕ ಹೋತು ಅಂತ ಕೇಳಲಾರದ ಫ್ಯೂಸ್ ಬಾಯಿ ಮುಚ್ಚಿಸೋದು. ನಡಕಟ್ಟಿನ ಅವರದ್ದು ಹಂಗಲ್ಲ.

ವೈರ್ಮನ್:
ಮಾಡುವಾಗ ಯಾರಿಗೂ ಗೊತ್ತಾಗಲ್ಲ ಸಾರ್ ಅದು ಹುಂಬತನ ಅಂತ. ಅದೇ ಕಷ್ಟ ಇರೋದು.

ತೋಟದ_ಮನೆ:
ವೈರ್ಮನ್ ಹೇಳಿದ್ದರಲ್ಲಿ ಸತ್ಯ ಇದೆ. ಬೋರ್ಡೋ ವಿಷಯದಲ್ಲೇ ನೋಡಿ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ಮುಗೀತು. ‘ಸ್ವಲ್ಪ ಸ್ಟ್ರಾಂಗ್ ಇರ್ಲಿ’ ಅಂತ ಮೈಲುತುತ್ತು ಜಾಸ್ತಿ ಸುರಿದ್ರೆ ಹಿಂಗಾರ, ಎಳೆಕಾಯಿ ಸುಟ್ಟೋಗ್ತದೆ. ಅದಕ್ಕೇ ಹಳಬರು ಉಜ್ಜಿ ಹೊಳೆಯೋ ಕತ್ತಿ ಅದ್ದಿ ನೋಡ್ತಿದ್ರು, ಕತ್ತಿ ಮೇಲೆ ತಾಮ್ರದ ಕೆಂಪು ಹಿಡಿದ್ರೆ ಸುಣ್ಣ ಸಾಲದು ಅಂತ ಲೆಕ್ಕ. ನೋಡಿ, ಆ ಕತ್ತಿ ಪರೀಕ್ಷೆ ಎಂಥಾ ಜಾಣತನ, ಆದ್ರೆ ಅದು ಇರೋದು ಅಳತೆ ತಪ್ಪದೇ ಇರ್ಲಿ ಅಂತ. ಅಳತೇಲಿ ಕ್ರಿಯೇಟಿವ್ ಆಗ್ಬೇಡಿ, ಅಳೆಯೋ ರೀತೀಲಿ ಎಷ್ಟು ಬೇಕಾದ್ರೂ ಆಗಿ.

ನೈಟ್_ಡ್ಯೂಟಿ:
ಇದನ್ನ ನಾನು ಒಪ್ತೇನೆ. ನಾನು ಮಂಗಳೂರಲ್ಲಿ ಸ್ಟಾಫ್ ನರ್ಸ್. ಮದ್ದಿನ ಡೋಸ್‌ನಲ್ಲಿ, ಕೈ ತೊಳೆಯುವುದರಲ್ಲಿ ನನ್ನ ತಲೆ ಓಡಿಸ್ಲಿಕ್ಕೆ ಹೋದ್ರೆ ಜನ ಸಾಯ್ತಾರೆ. ಆದ್ರೆ ವಾರ್ಡಿನಲ್ಲಿ ಬೇರೆ ಸಾವಿರ ಸಮಸ್ಯೆ ಉಂಟು. ಈಗ ಕಟ್ಟಡ ಕೆಲಸಕ್ಕೆ ಬಂದ ಒಡಿಶಾದವರು, ಅಸ್ಸಾಂನವರು ಅಡ್ಮಿಟ್ ಆಗ್ತಾರೆ, ಕೆಲವರಿಗೆ ಹಿಂದಿ ಸಹ ಬರುವುದಿಲ್ಲ. ರಾತ್ರಿ ಏನೋ ಹೇಳ್ತಾರೆ, ನಮಗೆ ಅರ್ಥ ಆಗುವುದಿಲ್ಲ, ಅವರಿಗೆ ಸಿಟ್ಟು, ನಮಗೆ ಟೆನ್ಶನ್. ನಮ್ಮ ಒಬ್ಬಳು ಜೂನಿಯರ್ ಮಗುವಿನ ಡ್ರಾಯಿಂಗ್ ಪುಸ್ತಕದ ಹಾಳೆ ಹರಿದು ನೀರು, ಊಟ, ಟಾಯ್ಲೆಟ್, ಚಳಿ, ಫೋನು, ಒಂದು ಮನುಷ್ಯನ ಚಿತ್ರ, ಎಲ್ಲಿ ನೋವು ಅಂತ ಬೆರಳಿಟ್ಟು ತೋರಿಸ್ಲಿಕ್ಕೆ, ಇಷ್ಟು ಬರೆದು ಟೇಪ್ ಹಚ್ಚಿ ಮಂಚಕ್ಕೆ ಕಟ್ಟಿದ್ಲು. ಈಗ ಮಾತು ನಿಂತುಹೋದ ಸ್ಟ್ರೋಕ್ ಪೇಶಂಟ್‌ಗಳಿಗೆ ಸಹ ಅದೇ ಕೊಡ್ತೇವೆ. ಇಂಥ ಬೋರ್ಡು ದೊಡ್ಡ ಆಸ್ಪತ್ರೆಗಳಲ್ಲಿ ರೆಡಿಮೇಡ್ ಬರ್ತದೆ ಅಂತ ಆಮೇಲೆ ಗೊತ್ತಾಯ್ತು, ಆದ್ರೆ ಆ ಹುಡುಗಿಗೆ ಅದು ಗೊತ್ತಿರಲಿಲ್ಲ ಅಲ್ವಾ.

ಸುಮ್ನೆ_ಓದೋನು:
ಆ ಜೂನಿಯರ್‌ಗೆ ಒಂದು ಸಲಾಂ 🙏

ಅಡುಗೆಮನೆ_ಅಕ್ಕ:
ಗಂಡಸರೆಲ್ಲಾ ಮಷಿನ್ ಮಷಿನ್ ಅಂತಿದೀರಿ. ಮನೇಲಿ ಹೆಂಗಸ್ರು ದಿನಾ ಮಾಡೋದು ಲೆಕ್ಕಕ್ಕೇ ಇಲ್ವಾ? ಹೀರೆಕಾಯಿ ಸಿಪ್ಪೆಲಿ ಚಟ್ನಿ, ಉಳಿದ ಇಡ್ಲಿಲಿ ಉಪ್ಪಿಟ್ಟು, ಬಾಳೆದಿಂಡಿನ ಪಲ್ಯ, ಹಲಸಿನ ಬೀಜದ ಸಾರು, ಮನೇಲಿ ತರಕಾರಿ ಇಲ್ಲದ ದಿನ ಹಿತ್ತಲಲ್ಲಿ ಕಂಡ ನಾಲ್ಕು ಎಲೆ ಹುರಿದು ಮಜ್ಜಿಗೆಗೆ ಹಾಕಿದ್ರೆ ತಂಬುಳಿ. ಇದಕ್ಕೆಲ್ಲಾ ಯಾರಾದ್ರೂ ಪದ್ಮಶ್ರೀ ಕೊಟ್ಟಿದಾರಾ? ಅದೇ ಹೋಟ್ಲಲ್ಲಿ ಮಾಡಿದ್ರೆ ಇತಿಹಾಸ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ರವೆಲಿ ಇಡ್ಲಿ ಮಾಡಿ ನೋಡಿದ್ವಿ, ಹಾಗೆ ಹುಟ್ಟಿದ್ದು ರವೆ ಇಡ್ಲಿ ಅಂತ ಎಂಟಿಆರ್‌ನವರು ಹೇಳ್ಕೊಳ್ತಾರೆ. ನಮ್ಮತ್ತೆ ಇಂಥದ್ದು ಹತ್ತು ಮಾಡಿದಾರೆ, ‘ಇವತ್ತೇನಿದು ಹೊಸ ಥರ’ ಅಂತ ಮಾವ ಮೂಗು ಮುರಿದಿದ್ದಷ್ಟೇ ಬಂತು.

ಕಡಲ_ಬದಿ:
ಅಕ್ಕ, ಬಚ್ಚಂಗಾಯಿ ದೋಸೆ ಬಿಟ್ಟುಬಿಟ್ರಿ!

ಅಡುಗೆಮನೆ_ಅಕ್ಕ:
ಅದೇನು ಬಚ್ಚಂಗಾಯಿ?

ಕಡಲ_ಬದಿ:
ಕಲ್ಲಂಗಡಿ ಅಕ್ಕ. ಕೆಂಪು ತಿಂದಾದ ಮೇಲೆ ಒಳಗಿನ ಬಿಳಿ ಭಾಗ ಉಳೀತದಲ್ಲ, ಅದರದ್ದು.

ಮೇಷ್ಟ್ರು_ಮೈಸೂರು:
ಎಲ್ಲ ಓದಿದೆ, ಚೆನ್ನಾಗಿದೆ. ನಾನು ಹೈಸ್ಕೂಲ್ ಗಣಿತ ಮೇಷ್ಟ್ರು. ಕಲಿಸೋಕೆ ಆಗುತ್ತಾ ಅನ್ನೋದರ ಬಗ್ಗೆ ನನ್ನ ಅನುಭವ ಹೇಳ್ತೀನಿ. ಎಲೆಯ ವಿಸ್ತೀರ್ಣ ಕಂಡುಹಿಡಿಯೋದು ಅಂತ ಚಟುವಟಿಕೆ ಇದೆ, ಗ್ರಾಫ್ ಹಾಳೆ ಮೇಲೆ ಎಲೆ ಇಟ್ಟು ಗೆರೆ ಎಳೆದು ಚೌಕ ಎಣಿಸ್ಬೇಕು. ಒಬ್ಬ ಹುಡುಗ, ಅವರಪ್ಪನಿಗೆ ಬೆಳ್ಳಿ ಕೆಲಸ, ಅವನು ಎಲೆ ಆಕಾರಕ್ಕೆ ರಟ್ಟು ಕತ್ತರಿಸಿ, ಅದೇ ರಟ್ಟಿಂದ ಹತ್ತು ಸೆಂಟಿಮೀಟರ್ ಚೌಕವನ್ನೂ ಕತ್ತರಿಸಿ, ಎರಡನ್ನೂ ಅವರಪ್ಪನ ತಕ್ಕಡೀಲಿ ತೂಗಿ, ಚೌಕ ಇಷ್ಟು ತೂಕ ಅಂದ್ರೆ ನೂರು ಚದರ ಸೆಂಟಿಮೀಟರ್, ಹಾಗಾದ್ರೆ ಎಲೆ ಇಷ್ಟು ಅಂತ ಲೆಕ್ಕ ಹಾಕ್ಕೊಂಡ್ ಬಂದ. ನಾವು ಚೌಕ ಎಣಿಸಿದ್ದಕ್ಕಿಂತ ಅವನದ್ದೇ ಕರೆಕ್ಟಾಗಿತ್ತು. ಕ್ಲಾಸಲ್ಲಿ ನಾನು ಹೊಗಳಿದೆ. ಆದ್ರೆ ಪಬ್ಲಿಕ್ ಪರೀಕ್ಷೇಲಿ ಕೀ ಆನ್ಸರ್ ಬಿಟ್ಟು ಹೀಗೆ ಬರೆದ್ರೆ ಮಾರ್ಕ್ಸ್ ಬರುತ್ತೆ ಅಂತ ಅವನಿಗೆ ಧೈರ್ಯ ಹೇಳೋಕೆ ನನಗೇ ಧೈರ್ಯ ಬರ್ಲಿಲ್ಲ. ಆಗ ಪೋಷಕರೂ ಬಂದು ‘ಸಾರ್ ಇದೆಲ್ಲಾ ಬೇಡ, ಹೋದ ವರ್ಷದ ಪ್ರಶ್ನೆಪತ್ರಿಕೆ ಮಾಡಿಸಿ’ ಅಂತಾರೆ.

ಕನ್ನಡಕ:
ಮೇಷ್ಟ್ರೇ ಇದು ಅದ್ಭುತ. ಆ ಹುಡುಗನಿಗೆ ಅದು ಹೊಳೆದಿದ್ದು ಮನೇಲಿ ತಕ್ಕಡಿ ಇದ್ದಿದ್ದಕ್ಕೆ. ಎರಡು ಬೇರೆ ಲೋಕ ಗೊತ್ತಿದ್ದವನಿಗೇ ಇವು ಹೊಳೆಯೋದು, ಬರೀ ಗಣಿತ ಗೊತ್ತಿದ್ದವನಿಗೆ ಅಲ್ಲ, ಬರೀ ತಕ್ಕಡಿ ಗೊತ್ತಿದ್ದವನಿಗೂ ಅಲ್ಲ.
ಇನ್ನು ಬಸವ ಅವರ ಗೋಡೆ ಚೀಟಿ ವಿಷಯ. ಎಲ್ಲರೂ ಒಟ್ಟಿಗೆ ಕೂತು ಐಡಿಯಾ ಕೂಗೋ ಪದ್ಧತಿ ಶುರು ಮಾಡಿದ್ದು ಅಲೆಕ್ಸ್ ಆಸ್‌ಬಾರ್ನ್ ಅಂತ ಒಬ್ಬ ಅಮೆರಿಕದ ಜಾಹೀರಾತು ಕಂಪನಿಯವನು. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಮಾಡಿ ನೋಡಿದ್ರು, ನಾಲ್ಕು ಜನ ಒಟ್ಟಿಗೆ ಕೂತು ಕೊಟ್ಟಿದ್ದಕ್ಕಿಂತ ನಾಲ್ಕು ಜನ ಬೇರೆ ಬೇರೆ ಕೂತು ಬರೆದಿದ್ದನ್ನ ಸೇರಿಸಿದ್ರೆ ಜಾಸ್ತಿ ಐಡಿಯಾ ಬಂತು. ಆದ್ರೂ ಇವತ್ತಿಗೂ ಎಲ್ಲಾ ಆಫೀಸಲ್ಲೂ ಒಟ್ಟಿಗೇ ಕೂರಿಸ್ತಾರೆ. ಆ ಚೀಟಿಯ ಅಂಟಿನ ಕಥೆ ಇನ್ನೂ ಮಜಾ. 3ಎಂ ಕಂಪನಿಯ ವಿಜ್ಞಾನಿ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಗಟ್ಟಿ ಅಂಟು ಮಾಡೋಕೆ ಹೋಗಿ ಈ ಅಂಟಿಯೂ ಅಂಟದ ಅಂಟು ಸಿಕ್ತು, ಏನ್ ಮಾಡೋದು ಅಂತ ಯಾರಿಗೂ ಗೊತ್ತಿಲ್ಲ, ಅದು ಚೀಟಿಯಾಗಿ ಅಮೆರಿಕದ ಅಂಗಡಿಗಳಿಗೆಲ್ಲಾ ಬಂದಿದ್ದು 1980ರಲ್ಲಿ. ಹನ್ನೆರಡು ವರ್ಷ! ನಿಮ್ಮ ಆಫೀಸಿನವರು ಅದೇ ಚೀಟಿ ಕೈಗೆ ಕೊಟ್ಟು ಸಂಜೆಯೊಳಗೆ ಹೊಸ ಐಡಿಯಾ ಕೊಡಿ ಅಂತಾರೆ.

ಕಡಲ_ಬದಿ:
ಕಾಯುವ ವಿಷಯ ಬಂತಲ್ಲ, ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಅಂತ ಇದ್ದಾರೆ. ಕೂಲಿ ಕೆಲಸ ಮಾಡಿಕೊಂಡಿದ್ದವರು, ಸಿಕ್ಕಿದ್ದು ಬೋಳು ಗುಡ್ಡೆ. ನೀರಿಲ್ಲ. ನಮ್ಮ ಕಡೆ ಮುರಕಲ್ಲಿನ ಗುಡ್ಡೆಗೆ ಅಡ್ಡಕ್ಕೆ ಸುರಂಗ ಕೊರೆದು ನೀರು ತೆಗೆಯುವ ಹಳೆ ಕ್ರಮ ಉಂಟು. ಹಗಲು ಕೂಲಿ, ಮನೆಗೆ ಬಂದು ರಾತ್ರಿ ದೀಪ ಇಟ್ಟು ಒಬ್ಬರೇ ಕೊರೆಯುವುದು. ಐದು ಸುರಂಗದಲ್ಲಿ ನೀರು ಸಿಗಲಿಲ್ಲ, ಆರನೆಯದ್ದರಲ್ಲಿ ಸಿಕ್ಕಿತು. ಪಂಪು ಗಿಂಪು ಇಲ್ಲ, ಮೇಲಿಂದ ಕೆಳಗೆ ತಾನಾಗಿ ಹರಿದು ತೋಟಕ್ಕೆ. ಅವರಿಗೂ 2022ರಲ್ಲೇ ಪದ್ಮಶ್ರೀ.

ಕಾಫಿ_ಸ್ಟ್ರಾಂಗ್:
ಒಂದ್ ನಿಮಿಷ, ಇದು ಹಠ ಅಲ್ವಾ? ಸುರಂಗ ಹಳೇ ಪದ್ಧತಿ ಅಂತ ನೀವೇ ಅಂದ್ರಿ. ಹೊಸದೇನಿದೆ ಅದ್ರಲ್ಲಿ?

ಕಡಲ_ಬದಿ:
ಹೊಸ ಮಷಿನ್ ಬಂದ್ರೆ ಮಾತ್ರ ಹೊಸದಾ? ಎಲ್ಲರೂ ಬೋರ್‌ವೆಲ್ ಬೋರ್‌ವೆಲ್ ಅಂತ ಕೆಳಗೆ ನೋಡುವಾಗ ಕೈಯಲ್ಲಿ ಕಾಸಿಲ್ಲದ ಮನುಷ್ಯ ಗುಡ್ಡೆಯ ಬದಿ ನೋಡಿದ್ದು ಸಾಲದಾ ನಿಮಗೆ.

ಕಾಫಿ_ಸ್ಟ್ರಾಂಗ್:
ಮೆಚ್ಚೋದು ಬೇರೆ. ನಾನೂ ಮೆಚ್ತೀನಿ. ಆದ್ರೆ ಎಲ್ಲಾ ಒಳ್ಳೇ ಗುಣಾನೂ ತಂದು ಕ್ರಿಯೇಟಿವ್ ಅನ್ನೋ ಚೀಲಕ್ಕೆ ತುಂಬಿದ್ರೆ ಕೊನೆಗೆ ಆ ಪದಕ್ಕೆ ಏನೂ ಅರ್ಥ ಉಳಿಯಲ್ಲ, ಟ್ರೈನರ್‌ಗಳು ಮಾಡೋದೂ ಇದನ್ನೇ. ಅದೂ ಅಲ್ದೆ ಬಡವರು ಕಷ್ಟಪಟ್ಟು ದಾರಿ ಹುಡುಕ್ಕೊಂಡ್ರೆ ಚಪ್ಪಾಳೆ ತಟ್ಟಿ ಸುಮ್ನಾಗ್ತೀವಿ, ಆ ಊರಿಗೆ ನೀರು ಕೊಡ್ಬೇಕಾದವರನ್ನ ಯಾರೂ ಕೇಳಲ್ಲ.

ಧಾರವಾಡ_ಫೇಡೆ:
ಈ ಕೊನೇ ಮಾತಿಗೆ ನಂದೂ ಒಂದು ವೋಟ್ ಹಾಕ್ರಿ.

ಬಿಲ್ಲಿಂಗ್_ಬಸವ:
ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂದ್ಕೊಂಡಿರ್ಲಿಲ್ಲ. ಲೇತ್ ಮಷಿನ್ ಅವರು ಹೇಳಿದ ತಟ್ಟೆ ಐಡಿಯಾ ತಲೇಲಿ ಕೂತಿದೆ. ಮ್ಯಾನೇಜರನ್ನ ಕೇಳೋದು ಬಿಟ್ಟು, ನನಗೆ ಪರಿಚಯ ಇರೋ ಒಬ್ಬ ಸಪ್ಲೈಯರ್‌ಗೆ ಫಾರಂ ಕಳಿಸಿ ಒಂದು ತಿಂಗಳು ನೋಡೋಣ ಅಂತ. ರೂಲ್ ಏನೂ ಮುರಿದಂಗಾಗಲ್ಲ ಅಲ್ವಾ?

ಲೇತ್_ಮಷಿನ್:
ಮಾಡಿ. ಆದ್ರೆ ಮೊದಲು ಈಗ ಒಂದು ಬಿಲ್‌ಗೆ ಎಷ್ಟು ಹೊತ್ತು ಹೋಗ್ತಿದೆ ಅಂತ ಬರೆದಿಟ್ಕೊಳ್ಳಿ, ಇಲ್ಲಾಂದ್ರೆ ತಿಂಗಳಾದ ಮೇಲೆ ಮ್ಯಾನೇಜರ್ ‘ಏನ್ ಉಳೀತು’ ಅಂದಾಗ ಬಾಯಿ ಬಿಡ್ತೀರಾ. ಜಿಎಸ್‌ಟಿ ನಂಬರ್, ಸರಕು ಯಾವುದು ಅಂತ ತೋರಿಸೋ ಎಚ್‌ಎಸ್‌ಎನ್ ಕೋಡ್ ಕಾಲಂ ಮಾತ್ರ ಬಿಡ್ಬೇಡಿ.

ವೈರ್ಮನ್:
ಆಡಿಟ್‌ನವರನ್ನೂ ಒಂದು ಮಾತು ಕೇಳಿ. ಫ್ಯೂಸ್ ಕಥೆ ಆಗ್ಬಾರ್ದು.

ಅಡುಗೆಮನೆ_ಅಕ್ಕ:
ಕಡಲ ಬದಿ ಅವರೆ, ಬಿಲ್ ಕಥೆ ಮುಗೀತು ಅನ್ಸುತ್ತೆ, ಆ ಕಲ್ಲಂಗಡಿ ದೋಸೆ ಅಳತೆ ಹೇಳಿ. ಮನೇಲಿ ಅರ್ಧ ಹಣ್ಣಿನ ಸಿಪ್ಪೆ ಇದೆ, ಬಿಸಾಕದೆ ಇಟ್ಕೊಂಡ್ ಕೂತಿದೀನಿ.

ಕಡಲ_ಬದಿ:
ಎರಡು ಕಪ್ ಬೆಳ್ತಿಗೆ ಅಕ್ಕಿ, ಅಂದ್ರೆ ಬಿಳಿ ಅಕ್ಕಿ, ಮೂರ್ನಾಲ್ಕು ಗಂಟೆ ನೆನೆಸಿ, ಹಸಿರು ಸಿಪ್ಪೆ ತೆಗೆದು ಬಿಳಿ ಭಾಗ ಹೆಚ್ಚಿ ಎರಡು ಕಪ್, ಒಟ್ಟಿಗೆ ನುಣ್ಣಗೆ ರುಬ್ಬಿ. ನೀರು ಹಾಕ್ಬೇಡಿ, ಅದರಲ್ಲೇ ಬೇಕಾದಷ್ಟು ನೀರುಂಟು. ಉಪ್ಪು ಹಾಕಿ ಕೂಡಲೇ ಹೊಯ್ಯಬಹುದು.

ತೋಟದ_ಮನೆ:
ಕೂಡಲೇ ಯಾಕೆ, ರಾತ್ರಿ ರುಬ್ಬಿಟ್ಟು ಸ್ವಲ್ಪ ಹುಳಿ ಬಂದ ಮೇಲೆ ಎರೆದ್ರೇ ರುಚಿ. ನಮ್ಮನೇಲಿ ಒಂದು ಚಮಚ ಮೆಂತ್ಯವನ್ನೂ ಹಾಕ್ತಾರೆ.

ಕಡಲ_ಬದಿ:
ಹುಳಿ ಬರಿಸಿದ್ರೆ ಅದು ಬೇರೆ ದೋಸೆ ಭಟ್ರೆ. ಮೆಂತೆ ಹಾಕ್ಲೇಬಾರದು, ಕಾಯಿಯ ಪರಿಮಳವೇ ಹೋಗ್ತದೆ.

ತೋಟದ_ಮನೆ:
ಪರಿಮಳ ಎಲ್ಲಿಂದ ಬಂತು ಮಾರಾಯಾ ಅದಕ್ಕೆ, ಸಿಪ್ಪೆ ಅದು!